ಹೊಳೆ ಬರೋದು ಫೆಬ್ರವರಿಯಲ್ಲಲ್ಲ

2011ರ ಜನಗಣತಿಗೆ ಮನೆ ಮನೆ ತಿರುಗಿದವರಲ್ಲಿ ನಾನೂ ಒಬ್ಬ. ಮುಧೋಳ ತಾಲ್ಲೂಕು, ಘಟಪ್ರಭೆ ದಂಡೆಯ ಊರು. ಆಗ ಅಲ್ಲಿ ಮಾಸ್ತರ್ ಆಗಿದ್ದೆ. ಫೆಬ್ರವರಿ 9ರಿಂದ 28ರ ತನಕ ಎಣಿಕೆ. ಎಷ್ಟೋ ಮನೆಗೆ ಬೀಗ. ಪಕ್ಕದವರನ್ನು ಕೇಳಿದರೆ, "ಗೋವಾಕ್ಕ ದುಡಿಯಾಕ ಹೋಗ್ಯಾರ್ರೀ ಸರ, ಮಳಿಗಾಲಕ್ಕ ಬರ್ತಾರ" ಅಂದರು. ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಆ ಊರಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ, ನಿಯಮವೇ ಹಾಗೆ. ಅತ್ತ ಕಬ್ಬಿನ ಗದ್ದೆ ಪಕ್ಕದ ಗುಡಿಸಲುಗಳಲ್ಲಿ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯೋಕೆ ಬಂದ ಗ್ಯಾಂಗ್‌ನವರಿದ್ದರು. ಅವರನ್ನು ಬರೆದುಕೊಂಡೆ. ಗಣತಿಯ ಮಟ್ಟಿಗೆ ಎಲ್ಲ ಸರಿಯೇ.

ಆದರೆ ಹೊಳೆ ಬರೋದು, ಅಂದರೆ ನೆರೆ ಬರೋದು, ಆಗಸ್ಟ್‌ನಲ್ಲಿ. ಆಗ ಗ್ಯಾಂಗ್‌ನವರು ಇರಲ್ಲ. ಬೀಗ ಹಾಕಿದ್ದ ಮನೆಗಳೆಲ್ಲ ತುಂಬಿರುತ್ತವೆ.

2019ರ ಆಗಸ್ಟ್‌ನಲ್ಲಿ ಇದು ನಮಗೆ ಗೊತ್ತಾಯಿತು. ಘಟಪ್ರಭೆಯ ಹಿಡಕಲ್ ಡ್ಯಾಂ ತುಂಬಿ ನೀರು ಬಿಟ್ಟರು. ಎತ್ತರದಲ್ಲಿದ್ದ ನಮ್ಮ ಶಾಲೆಯೇ ಗಂಜಿ ಕೇಂದ್ರ ಆಯಿತು. ಈಗ ಅದಕ್ಕೆ ಕಾಳಜಿ ಕೇಂದ್ರ ಅಂತಾರೆ, ಹೆಸರೇನೋ ಚೆಂದ ಇದೆ. ಅಕ್ಕಿ ಬೇಳೆ ಬಂದದ್ದು ಹಳೇ ಲೆಕ್ಕದ ಮೇಲೆ. ಮೊದಲ ದಿನ ಉಪ್ಪಿಟ್ಟು ಅರ್ಧ ಸಾಲಿಗೇ ಮುಗಿಯಿತು. ಸಾಲಿನ ಕೊನೆಯಲ್ಲಿ ಇದ್ದವರು ಯಾರು ಹೇಳಿ? ಹೆಂಗಸರು. ಮುದುಕರು, ಮಕ್ಕಳನ್ನೆಲ್ಲ ಕರೆದುಕೊಂಡು ನಿಧಾನವಾಗಿ ಬಂದವರು.

ಮೂರನೇ ದಿನದಿಂದ ಲಾರಿಗಳು ಬಂದವು. ಹಳೇ ಸೀರೆ, ಬ್ರೆಡ್ಡು, ಮತ್ತೆ ಹಳೇ ಸೀರೆ. ವರಾಂಡದಲ್ಲಿ ಸೀರೆಯ ಗುಡ್ಡೆ ಬಿತ್ತು. ಸಕ್ಕರೆ ಕಾಯಿಲೆಯ ಗುಳಿಗೆ ಕೇಳಿದರೆ ಇಲ್ಲ. ಹೆಣ್ಣುಮಕ್ಕಳಿಗೆ ಪ್ಯಾಡ್ ಇಲ್ಲ. ಕಳಿಸಿದವರದು ತಪ್ಪು ಅನ್ನೋಕೆ ಬಾಯಿ ಬರಲ್ಲ. ಏನು ಬೇಕು, ಎಷ್ಟು ಬೇಕು ಅಂತ ಅವರಿಗೆ ಹೇಳಿದವರಾದರೂ ಯಾರು?

ಆ ಗದ್ದಲದಲ್ಲಿ ನಮ್ಮ ಅಂಗನವಾಡಿ ಅಕ್ಕೋರು ಬಂದರು. ತಲೆ ಮೇಲೆ ಗೊಬ್ಬರದ ಚೀಲ, ಅದರೊಳಗೆ ಸುತ್ತಿಟ್ಟ ರಿಜಿಸ್ಟರ್. ತಮ್ಮ ಮನೆಯ ಟ್ರಂಕು ಬಿಟ್ಟು ಅದನ್ನು ತಂದಿದ್ದರು. ಕಪ್ಪು ಹಲಗೆಗೆ ಒರಗಿ ಕೂತಿದ್ದ ಹುಡುಗಿಯನ್ನು ನೋಡಿ, "ಸರ, ಇಕಿಗೆ ದಿನ ತುಂಬ್ಯಾವ್ರೀ, ಇವತ್ತ ಕಳಸಬೇಕು" ಅಂದರು. ರಸ್ತೆ ಇನ್ನೂ ಇತ್ತು, ಜೀಪು ಸಿಕ್ಕಿತು, ಕಳಿಸಿದೆವು. ಮರುದಿನ ಆ ರಸ್ತೆ ನೀರಿನಡಿ.

ಆ ರಿಜಿಸ್ಟರಿನಂಥದ್ದಕ್ಕೆ ಬೇಸ್‌ಲೈನ್ ಡೇಟಾ ಅಂತಾರೆ ಅಂತ ಆಮೇಲೆ ಗೊತ್ತಾಯಿತು. ಅನಾಹುತಕ್ಕೆ ಮೊದಲೇ ಯಾರ್ಯಾರು, ಎಲ್ಲೆಲ್ಲಿ, ಹೇಗಿದ್ದಾರೆ ಅನ್ನೋ ಲೆಕ್ಕ. ತಲೆ ಎಣಿಕೆಯೊಂದೇ ಇದ್ದರೂ ಅದರಿಂದ ಎಷ್ಟೋ ಹೊರಡುತ್ತೆ. ನಾಲ್ಕು ಸಾವಿರ ಜನರ ಊರು ಅಂದುಕೊಳ್ಳಿ. 2019ರ ಹೊತ್ತಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು 17 ಹೆರಿಗೆ. ಅಂದರೆ ಊರಲ್ಲಿ 68. ಯಾವ ದಿನ ನೋಡಿದರೂ ಐವತ್ತರಷ್ಟು ಬಸುರಿಯರು ಇರುತ್ತಾರೆ, ಐದಾರು ಜನಕ್ಕೆ ಅದೇ ತಿಂಗಳು ಹೆರಿಗೆ. ನೀರು ಬರುವ ಮೊದಲೇ ಇದು ಗೊತ್ತಿರೋ ಮಾತು, ಅಲ್ವಾ? ಸ್ಫಿಯರ್ ಅಂತ ಪರಿಹಾರ ಕೆಲಸದ ಅಂತರರಾಷ್ಟ್ರೀಯ ಮಾನದಂಡ ಒಂದಿದೆ. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೊಂದು ಶೌಚಾಲಯ, ತಲೆಗೆ ಮೂರೂವರೆ ಚದರ ಮೀಟರ್ ಜಾಗ. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲದ ಕ್ಲಾಸ್‌ರೂಮಿಗೆ ಹತ್ತೇ ಜನ! ನಾವು ನಲವತ್ತು ಜನರನ್ನು ತುಂಬಿದ್ದೆವು.

ದನಕರುಗಳ ಲೆಕ್ಕವೂ ಇದರಲ್ಲೇ ಇರಬೇಕು. ತೋಟದ ವಸ್ತಿಯಲ್ಲಿ, ಅಂದರೆ ಊರಾಚೆ ಹೊಲದಲ್ಲೇ ಕಟ್ಟಿಕೊಂಡ ಮನೆಯಲ್ಲಿ ಇದ್ದ ಒಬ್ಬ ಅಜ್ಜಿ, ದೋಣಿ ಬಂದರೂ ಹತ್ತಲಿಲ್ಲ. "ಎಮ್ಮಿ ಬಿಟ್ಟು ನಾ ಎಲ್ಲಿ ಬರ್ಲೋ ಯಪ್ಪಾ" ಅಂತ ಒಂದೇ ಹಟ. ಎಮ್ಮೆಗೆ ಜಾಗ, ಮೇವು ತೋರಿಸಿದ್ದರೆ ಅಜ್ಜಿ ತಾನಾಗೇ ಬರುತ್ತಿದ್ದಳು. ಇನ್ನು ಈ ವಸ್ತಿಗಳು ಊರಿನ ನಕ್ಷೆಯಲ್ಲೇ ಕಾಣಲ್ಲ. ದೋಣಿಯವರು ಕೇಳಿಕೊಂಡು ಹೋಗಬೇಕು.

ನನಗೆ ಸಿಟ್ಟು ಬರೋದು ಎಲ್ಲಿ ಅಂದರೆ, ಯಾವ ಡ್ಯಾಮಿಗೆ ಎಷ್ಟು ನೀರು ಹಿಡಿಯುತ್ತೆ, ಕೊಯ್ನಾ 105 ಟಿಎಂಸಿ, ಆಲಮಟ್ಟಿ 123, ಹಿಡಕಲ್ 51 ಅಂತ ನಮ್ಮ ಕಡೆ ಚಹಾ ಅಂಗಡಿಯಲ್ಲಿ ಕೂತವನೂ ಹೇಳ್ತಾನೆ. ಮಳೆಗಾಲದಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನೋದು ಮೊಬೈಲಿಗೇ ಬರುತ್ತೆ. ನೀರಿನ ಲೆಕ್ಕ ಇವತ್ತಿನದು, ಜನರ ಲೆಕ್ಕ ಮಾತ್ರ 2011ರದು. 2021ರ ಗಣತಿ ಆಗಲೇ ಇಲ್ಲ. ಮುಂದಿನ ಎಣಿಕೆ 2027ರಲ್ಲಿ, ಅದೂ ಮತ್ತೆ ಫೆಬ್ರವರಿಯಲ್ಲೇ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಆಶಾ ಕಾರ್ಯಕರ್ತೆ, ಅಂಗನವಾಡಿ, ರೇಷನ್ ಅಂಗಡಿ, ಪಶು ಆಸ್ಪತ್ರೆ, ಎಲ್ಲರ ಹತ್ತಿರವೂ ಒಂದೊಂದು ತುಂಡು ಇದೆ. ಜೂನ್ ತಿಂಗಳಲ್ಲಿ ಒಂದು ದಿನ ಪಂಚಾಯ್ತಿಯಲ್ಲಿ ಕೂತು ಸೇರಿಸಿದರೆ ಸಾಕು. ನಡೆಯಲಾಗದವರು ಯಾವ ಓಣಿಯಲ್ಲಿದ್ದಾರೆ, ಗೋವಾದಿಂದ ಯಾರು ವಾಪಸ್ ಬಂದಿದ್ದಾರೆ, ಯಾರ ಮನೆಯಲ್ಲಿ ಎಷ್ಟು ಎಮ್ಮೆ. ಆದರೆ ಆ ಪಟ್ಟಿಯನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ ಮಾರಾಯರೇ. ಒಂಟಿ ಹೆಂಗಸರ ಮನೆ ಯಾವುದು ಅಂತ ಊರಿಗೆಲ್ಲ ಡಂಗುರ ಹೊಡೆಯೋದು ಬೇಕಿಲ್ಲ.

ಮೊನ್ನೆ ಸಂತೆಯಲ್ಲಿ ಅಕ್ಕೋರು ಸಿಕ್ಕಿದ್ದರು. ಈಗೆಲ್ಲ ಪೋಷಣ್ ಟ್ರ್ಯಾಕರ್ ಅಂತೆ, ಮೊಬೈಲ್‌ನಲ್ಲೇ ತುಂಬಬೇಕು. "ಹಂಗಾರ ರಿಜಿಸ್ಟರ್ ಬಿಟ್ರೇನ್ರೀ?" ಅಂತ ಕೇಳಿದೆ.

"ಹೊಳಿ ಬಂದಾಗ ಕರೆಂಟ್ ಎಲ್ಲಿರತೈತ್ರೀ ಸರ" ಅಂದರು. ಹಾಳೆಯಲ್ಲೂ ಬರೆದಿಡುತ್ತಾರಂತೆ. ಗೊಬ್ಬರದ ಚೀಲ ಮಾತ್ರ ಹೊಸದು.