ಕಿಸೆಗೆ ಹಾಕಲು ಧೈರ್ಯ ಬೇಕಾದ ಕಿಸೆ ಕ್ಯಾಮೆರಾ

ಫಿಲ್ಮಿನ ರೇಟು ಮತ್ತೆ ಏರಿತಂತೆ. ಏರಲಿ ಬಿಡಿ. ಈಗ ಒಂದು ರೋಲು ಕೊಳ್ಳುವುದೆಂದರೆ ಮಂಡಿಗೆ ಫೋನ್ ಮಾಡಿ ಅಡಿಕೆ ಧಾರಣೆ ಕೇಳಿದ ಹಾಗೆಯೇ. ಒಂದೇ ವ್ಯತ್ಯಾಸ, ಅಡಿಕೆ ಆಗಾಗ ಇಳಿಯುತ್ತದೆ.

ಮಂಗಳೂರಿನಲ್ಲಿ ಓದುವ ನನ್ನ ತಂಗಿಯ ಮಗನಿಗೆ ದಿನಾ ಕಿಸೆಯಲ್ಲಿ ಇಟ್ಟುಕೊಂಡು ತಿರುಗುವಂಥ ಪುಟ್ಟ ಫಿಲ್ಮ್ ಕ್ಯಾಮೆರಾ ಬೇಕಂತೆ. ಕಿಸೆಯಲ್ಲಿ ಆಗಲೇ ಫೋನಿದೆ, ಅದರ ಬೆನ್ನಿಗೆ ಮೂರು ಕಣ್ಣಿವೆ. "ಅದರಲ್ಲಿ ಫೀಲ್ ಇಲ್ಲ ಮಾವ" ಅಂದ. ಫೀಲ್ ಬೇಕಾದರೆ ರೋಲು, ತೊಳೆಸುವುದು, ಸ್ಕ್ಯಾನು ಎಲ್ಲ ಸೇರಿ ಸುಮಾರು 1,500 ರೂಪಾಯಿ ಬಿಚ್ಚಬೇಕು. ಸಿಗುವುದು 36 ಫೋಟೋ. ತಲಾ 40 ರೂಪಾಯಿಗೂ ಜಾಸ್ತಿ. ಸ್ಕ್ಯಾನ್ ಆದ ಫೋಟೋ ಕೊನೆಗೆ ಬರುವುದು ಅದೇ ಫೋನಿಗೆ.

ಮೊದಲು ಅವನ ಕಣ್ಣು ಬಿದ್ದದ್ದು ಕಾಂಟ್ಯಾಕ್ಸ್ ಟಿ2 ಮೇಲೆ. ಟೈಟಾನಿಯಂ ಮೈ, ಜೈಸ್ ಲೆನ್ಸು. ಒಳ್ಳೆಯದೇ. ಆದರೆ 2017ರಲ್ಲಿ ಅಮೆರಿಕದ ರೂಪದರ್ಶಿ ಕೆಂಡಾಲ್ ಜೆನ್ನರ್ ಟಿವಿಯಲ್ಲಿ ಅದನ್ನು ಹಿಡಿದು ತೋರಿಸಿದ್ದೇ ತೋರಿಸಿದ್ದು, ಬೆಲೆ ತೆಂಗಿನ ಮರ ಹತ್ತಿತು. ಇಳಿಸುವವರಿಲ್ಲ. ತಯಾರಿಸಿದ ಕ್ಯೋಸೆರಾ ಕಂಪನಿ 2005ರಲ್ಲೇ ಕ್ಯಾಮೆರಾದ ಸಹವಾಸ ಬೇಡವೆಂದು ಘೋಷಿಸಿತು. ಕೆಟ್ಟರೆ ಕೆಟ್ಟಿತು.

ಆಮೇಲೆ 1997ರ ಒಲಿಂಪಸ್ ಮ್ಯೂ-2. ಸಾಬೂನಿನ ಹಾಗೆ ನುಣುಪು, 135 ಗ್ರಾಂ ತೂಕ. ನನ್ನಲ್ಲೂ ಒಂದಿತ್ತು. ಮುಚ್ಚಳ ಸರಿಸಿದಾಗಲೆಲ್ಲ ಫ್ಲ್ಯಾಶ್ ತಾನಾಗಿಯೇ ಆಟೋಗೆ ಬಂದು ಕೂರುತ್ತದೆ. ನಿನ್ನೆ ಆಫ್ ಮಾಡಿದ್ದು ಅದಕ್ಕೆ ನೆನಪಿರುವುದಿಲ್ಲ. ಹೀಗೆ ಒಮ್ಮೆ ಕೋಲದ ರಾತ್ರಿ, ಸೂಟೆಯ ಬೆಳಕಲ್ಲಿ ಎಂಥಾ ಚೆಂದ ಕಾಣುತ್ತದೆ ಅಂತ ಒತ್ತಿಬಿಟ್ಟೆ. ದೈವದ ಮುಖಕ್ಕೇ ಮಿಂಚು ಹೊಡೆಯಿತು. ದೈವ ಸುಮ್ಮನಿತ್ತು. ಗುತ್ತಿನ ಯಜಮಾನರು ಸುಮ್ಮನಿರಲಿಲ್ಲ.

ಜಪಾನಿನಿಂದ ಬರುವ ಹಳೇ ಕ್ಯಾಮೆರಾದ ಕೈಪಿಡಿ ಜಪಾನಿಯಲ್ಲೇ ಇರುತ್ತದಂತೆ, ಹುಡುಗನಿಗೆ ಅದೊಂದು ಹೆದರಿಕೆ. ಕಾಸರಗೋಡಿನವನಿಗೆ ಅದೆಂಥ ಹೆದರಿಕೆ ಮಾರಾಯ? 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದಲ್ಲಿಂದ ಇದೇ ಕಸುಬು. ಕೌಂಟರಿನಲ್ಲಿ ಕೇಳಿದರೆ ಕನ್ನಡದ ಫಾರ್ಮು ಮುಗಿದಿರುತ್ತದೆ. ಅದು ಯಾವಾಗ ಬಂದಿತ್ತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಮಲಯಾಳದ್ದನ್ನೇ ತೆಗೆದುಕೊಂಡು, ಚುಕ್ಕಿಗೆರೆ ಇದ್ದಲ್ಲಿ ಹೆಸರು, ಚೌಕ ಇದ್ದಲ್ಲಿ ಫೋಟೋ. ಒಮ್ಮೆ ನಾನು ಫೋಟೋ ಅಂಟಿಸಿದ ಚೌಕ ಕಚೇರಿಯ ಸೀಲಿನದ್ದಾಗಿತ್ತು. ಅವರು ನನ್ನ ಹಣೆಗೇ ಸೀಲು ಒತ್ತಿ ಕೊಟ್ಟರು. ಜಪಾನಿಯವರು ಹೆಚ್ಚೆಂದರೆ ಒಂದು ರೋಲು ಹಾಳು ಮಾಡಿಯಾರು.

ಹೊಸದೇ ಬೇಕೆಂದರೆ 2024ರ ಪೆಂಟಾಕ್ಸ್ 17 ಇದೆ. ಅರ್ಧ ಫ್ರೇಮು, ಅಂದರೆ ಒಂದು ಫೋಟೋದ ಜಾಗದಲ್ಲಿ ಎರಡು. 36ರ ರೋಲಿನಲ್ಲಿ 72 ಫೋಟೋ. ಲೆಕ್ಕ ನಮ್ಮವರಿಗೆ ಹೇಳಿ ಮಾಡಿಸಿದ್ದು. ಫೋಕಸ್ಸಿನ ದೂರವನ್ನು ಲೆನ್ಸಿನ ಮೇಲಿನ ಚಿತ್ರ ನೋಡಿ ತಿರುಗಿಸಬೇಕು: ಬೆಟ್ಟ, ಮನುಷ್ಯರು, ಹೂವು. ಊಟದ ಮೇಜಿನ ದೂರಕ್ಕೆ ಚಾಕು ಮತ್ತು ಮುಳ್ಳುಚಮಚ. ಬಾಳೆಲೆ ಮುಂದೆ ಚಕ್ಕಳಮಕ್ಕಳ ಕೂತವನು ಏನು ತಿರುಗಿಸಬೇಕೋ!

ಕಿಸೆ ಅಂದೆನಲ್ಲ, ಮುಂಡಿಗೆ ಕಿಸೆ ಎಲ್ಲಿದೆ? ಅಂಗಿಯ ಕಿಸೆಯಲ್ಲಿಟ್ಟು ತೋಟದ ತೋಡಿಗೆ ಬಗ್ಗಿದರೆ ಕತೆ ಮುಗಿಯಿತು. ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ಇದು. ನನ್ನ ಮ್ಯೂ-2ರ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆ ಹಬ್ಬಿ ಹೋಯಿತು. ಹಾಗಾಗಿ ಈಗ ಅಷ್ಟು ದುಡ್ಡು ಕೊಟ್ಟವರೆಲ್ಲ ಕ್ಯಾಮೆರಾವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ದಿನಾ ಒಯ್ಯುವ ಕ್ಯಾಮೆರಾ ಅಲ್ವಾ.

ಇನ್ನು ಮಾರುವವರ ವಿಷಯ. "ಟೆಸ್ಟ್ ಮಾಡಿಲ್ಲ, ಇದ್ದ ಹಾಗೇ ಮಾರಾಟ." ಒಂದು ಬ್ಯಾಟರಿ ಹಾಕಿ ಗುಂಡಿ ಒತ್ತಲು ಎಷ್ಟು ಹೊತ್ತು ಬೇಕು ಸ್ವಾಮಿ? ಒತ್ತಿ ನೋಡಿದ್ದೀರಿ. ಕೆಟ್ಟಿದೆ ಅಂತ ಗೊತ್ತಿದೆ. ಡಿಜಿಟಲ್ ಬಂದಾಗ ಪೇಟೆಯ ಸ್ಟುಡಿಯೋಗಳು ಬಾಗಿಲು ಹಾಕಿ, ಕ್ಯಾಮೆರಾಗಳು ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋದವು. ಮೂವತ್ತು ವರ್ಷ ಮದುವೆ ಫೋಟೋ ತೆಗೆದವರಿಗೆ ಸಿಕ್ಕಿದ್ದು ಬಸ್ ಚಾರ್ಜು. ಅದೇ ಪ್ಲಾಸ್ಟಿಕ್ಕನ್ನು ಈಗ ವಿಂಟೇಜ್ ಅಂತ ಓದುವ ಹುಡುಗರ ತಲೆಗೆ ಕಟ್ಟುತ್ತಿದ್ದಾರೆ. ನನಗೆ ಇದರಲ್ಲಿ ನಗು ಬರುವುದಿಲ್ಲ.

ಕೊನೆಗೆ ಹುಡುಗನಿಗೆ 1979ರ ಒಲಿಂಪಸ್ ಎಕ್ಸ್‌ಎ ಹುಡುಕು ಅಂದೆ. ಮುಚ್ಚಳ ಸರಿಸಿದರೆ ಲೆನ್ಸು, ಫೋಕಸ್ ನಾವೇ ಮಾಡಬೇಕು, ವಾಚ್ ರಿಪೇರಿಯವನ ಹತ್ತಿರ ಸಿಗುವ ಗುಂಡಿ ಬ್ಯಾಟರಿ ಎರಡು ಸಾಕು.

"ಫ್ಲ್ಯಾಶ್ ಮಾವ?"

"ಬೇರೆಯೇ ಬರುತ್ತದೆ. ಪಕ್ಕಕ್ಕೆ ತಿರುಪಿ ಕೂರಿಸಬೇಕು."

"ಹಾಗಾದ್ರೆ ಕಿಸೆಗೆ ಹಿಡಿಯುವುದಿಲ್ಲ."

"ಬಿಚ್ಚಿ ಇನ್ನೊಂದು ಕಿಸೆಗೆ ಹಾಕಿಕೋ."

ಅವನ ಪ್ಯಾಂಟಿಗೆ ಆರು ಕಿಸೆ ಇವೆ. ದುಡ್ಡಿರುವ ಕಿಸೆ ಮಾತ್ರ ನನ್ನ ಅಂಗಿಯದ್ದು.