ಜೋಗದ ಪೋಸ್ಟರಿನ ಮೇಲೆ ತಿಂಗಳನ್ನೂ ಅಚ್ಚು ಹಾಕಿ

ಜಾಹೀರಾತುಗಳಲ್ಲಿ ಜೋಗ ಅಂದರೆ ಒಂದೇ ಚಿತ್ರ. ನಾಲ್ಕೂ ಕವಲು ಮೈದುಂಬಿ ಧುಮ್ಮಿಕ್ಕುತ್ತಿರುತ್ತವೆ, ಸುತ್ತ ಹಸಿರು, ಒಂದು ನರಪಿಳ್ಳೆಯೂ ಇಲ್ಲ. ಅದನ್ನು ನಂಬಿ ಫೆಬ್ರುವರಿಯಲ್ಲಿ ಬಂದವರು "ಇಷ್ಟೇನಾ?" ಅಂತ ಬೇಸರದಿಂದ ವಾಪಸಾಗುತ್ತಾರೆ. ತಪ್ಪು ಅವರದ್ದಲ್ಲ, ಚಿತ್ರ ಯಾವಾಗಿನದು ಅಂತ ಯಾರೂ ಅವರಿಗೆ ಹೇಳಿಲ್ಲ.

ಶರಾವತಿಯ ಬಹುಪಾಲು ನೀರು ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲೇ ನಿಲ್ಲುತ್ತದೆ. ವಿದ್ಯುತ್ತಿಗೆ ಬಿಡುವ ನೀರು ತಳಕಳಲೆ ಎಂಬ ಸಣ್ಣ ಜಲಾಶಯದ ಕಡೆಯಿಂದ ಹೋಗಿ ಜಲಪಾತದ ಕೆಳಗೆ ನದಿ ಸೇರುತ್ತದೆ, ಬಂಡೆಯ ಅಂಚಿಗೆ ಬರುವುದೇ ಇಲ್ಲ. ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗಿನ ಹಳ್ಳಗಳ ನೀರು ಬೀಳುತ್ತದೆ. ಪೋಸ್ಟರಿನ ಅಬ್ಬರ ಬೇಕೆಂದರೆ ಲಿಂಗನಮಕ್ಕಿ ಜಲಾಶಯ ತನ್ನ ಪೂರ್ಣ ಮಟ್ಟವಾದ 1,819 ಅಡಿಯ ಹತ್ತಿರ ಬಂದು ಗೇಟ್ ತೆರೆಯಬೇಕು. ಮಳೆ ಕಡಿಮೆಯಾದ ವರ್ಷ ತೆರೆಯುವುದೇ ಇಲ್ಲ. ಹೊರಡುವ ಮುನ್ನ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿ ನೋಡಿ, ಯಾವ ಬ್ರೋಷರಿಗಿಂತಲೂ ಅದು ನಿಜ ಹೇಳುತ್ತದೆ.

ಕ್ಯಾಮೆರಾದ ಪಾತ್ರವೂ ದೊಡ್ಡದು. ಟ್ರೈಪಾಡ್ ಇಟ್ಟು, ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರನ್ನು ಒಂದು ಸೆಕೆಂಡ್ ತೆರೆದಿಟ್ಟರೆ ಚದುರಿ ಬೀಳುವ ಎಳೆಗಳೆಲ್ಲ ಕೂಡಿಕೊಂಡು ಹಾಲಿನ ಪರದೆಯಾಗುತ್ತವೆ. ಕಣ್ಣಿಗೆ ಸಣ್ಣಗೆ ಕಂಡ ನೀರು ಫೋಟೊದಲ್ಲಿ ತುಂಬಿ ಕಾಣುತ್ತದೆ. ಅದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಹೊಡೆದರೆ, ಬಿಸಿಲಿರುವಾಗ ಅದು ತಾನಾಗಿ ಸಾವಿರದಲ್ಲೊಂದು ಸೆಕೆಂಡಿನ ಆಸುಪಾಸಿನ ವೇಗ ಹಿಡಿದು ನೀರನ್ನು ಹನಿಹನಿಯಾಗಿ ನಿಲ್ಲಿಸಿಬಿಡುತ್ತದೆ. ಚಿತ್ರ ಕೆಟ್ಟಿತು ಅಂತ ಜನ ಆ್ಯಪಿನ ಫಿಲ್ಟರ್ ಹಾಕಿ ಹಸಿರು ಏರಿಸಿ ಹಂಚುತ್ತಾರೆ, ಮುಂದಿನವರು ಅದನ್ನೇ ನೋಡಿ ಹೊರಡುತ್ತಾರೆ.

ನನಗೆ ನಿಜಕ್ಕೂ ನೋವಾಗುವುದು ಇನ್ನೊಂದಕ್ಕೆ: ಪೋಸ್ಟರಿನ ಅಬ್ಬರವನ್ನೇ ಹುಡುಕುವವರು ಕವಲುಗಳನ್ನು ಬಿಡಿಬಿಡಿಯಾಗಿ ನೋಡುವುದೇ ಇಲ್ಲ. ಭರ್ತಿ ಪ್ರವಾಹದಲ್ಲಿ ಮಂಜು ಸರಿದರೂ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳು ಒಂದಕ್ಕೊಂದು ಬೆರೆತು ಗುರುತೇ ಸಿಗುವುದಿಲ್ಲ. ನೀರು ಹದವಾಗಿ ಇಳಿದಾಗಲೇ ಅವುಗಳ ಸ್ವಭಾವ ಕಾಣುವುದು: ರಾಜ 253 ಮೀಟರ್ ನೇರಕ್ಕೆ ಬೀಳುತ್ತದೆ, ರಾಕೆಟ್ ಚಿಮ್ಮುತ್ತದೆ, ರಾಣಿ ಬಂಡೆಗೆ ಅಂಟಿಕೊಂಡು ಜಾರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಇದಕ್ಕೆ ಒಳ್ಳೆಯ ಕಾಲ. ಜೂಮ್ ಮಾಡಿ ಒಂದೊಂದನ್ನೇ ಹಿಡಿಯಿರಿ, ಶಟರ್ 1/15 ಸೆಕೆಂಡ್ ಸಾಕು: ಹರಿವೂ ಉಳಿಯುತ್ತದೆ, ಎಳೆಯೂ ಉಳಿಯುತ್ತದೆ. ಕೈ ಅಲುಗದಂತೆ ರೇಲಿಂಗಿನ ಮೇಲೆ ಮೊಣಕೈ ಊರಿ, ಆದರೆ ಅದನ್ನು ದಾಟಬೇಡಿ, ಪಾಚಿ ಕಟ್ಟಿದ ಬಂಡೆ ಜಾರುತ್ತದೆ. ಲೆನ್ಸ್ ಒರೆಸಲು ಒಣ ಬಟ್ಟೆ ಎರಡಿರಲಿ, ಮೊದಲನೆಯದು ತುಂತುರಿಗೆ ಬೇಗ ಒದ್ದೆಯಾಗುತ್ತದೆ.