ರಾತ್ರಿಯನ್ನು ಕಸಿದುಕೊಂಡವರು ಬೇಟೆಯನ್ನು ಕೊಡಬೇಕು

ಮೆಲ್ಬರ್ನಿನ ಪೂರ್ವ ಭಾಗದ ಹಲವು ಬಡಾವಣೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಸಾಕಿದ ಬೆಕ್ಕು ಬೀದಿಯಲ್ಲಿ ಕಾಣುವಂತಿಲ್ಲ. ಮನೆಯೊಳಗಿರಬೇಕು, ಇಲ್ಲವೇ ಮೇಲಕ್ಕೂ ಜಾಲರಿ ಹಾಕಿದ ಅಂಗಳದಲ್ಲಿರಬೇಕು. ಕೆಲವು ಸ್ಥಳೀಯ ಆಡಳಿತಗಳು, ಅಂದರೆ ಕೌನ್ಸಿಲ್‌ಗಳು ಈ ಕರ್ಫ್ಯೂವನ್ನು ರಾತ್ರಿಗಷ್ಟೇ ಇಟ್ಟುಕೊಂಡಿವೆ. ಯಾರಾ ರೇಂಜಸ್‌ನಲ್ಲಿ 2014ರಿಂದ, ನಾಕ್ಸ್‌ನಲ್ಲಿ 2022ರಿಂದ ಅದು ಇಡೀ ದಿನಕ್ಕೆ. ರಾಜಧಾನಿ ಕ್ಯಾನ್‌ಬೆರಾದಲ್ಲಂತೂ 2022ರ ಜುಲೈ 1ರಿಂದ ಈಚೆಗೆ ಹುಟ್ಟಿದ ಯಾವ ಬೆಕ್ಕನ್ನೂ ಹೊರಗೆ ಅಡ್ಡಾಡಲು ಬಿಡುವಂತಿಲ್ಲ. ಮೆಲ್ಬರ್ನಿನಲ್ಲಿ ಪಕ್ಕದವರ ಅಂಗಳಕ್ಕೆ ನುಗ್ಗಿದ ಬೆಕ್ಕನ್ನು ಹಿಡಿಯಲು ಬೋನನ್ನು ಹಲವು ಕಡೆ ಕೌನ್ಸಿಲ್ಲೇ ಕೊಡುತ್ತದೆ. ಬಿಡಿಸಿಕೊಂಡು ಬರಲು ಮಾಲೀಕರು ದುಡ್ಡು ಕಟ್ಟಬೇಕು.

ಊರಿನಿಂದ ಹೊಸದಾಗಿ ಬಂದ ನಮ್ಮವರು ಇದನ್ನು ಕೇಳಿ ಬೇಸರಪಡುತ್ತಾರೆ. ಬೆಕ್ಕನ್ನು ಜೈಲಿಗೆ ಹಾಕಿದ ಹಾಗಾಯಿತಲ್ಲ ಎನ್ನುತ್ತಾರೆ. ನಾನು ಈ ನಿಯಮದ ಪರ. ಆಸ್ಟ್ರೇಲಿಯಾದ ಕಾಡಿನಲ್ಲಿ ಬೆಕ್ಕಿನ ಜಾತಿಯ ಪ್ರಾಣಿ ಯಾವುದೂ ಇರಲಿಲ್ಲ. 1788ರಲ್ಲಿ ಯುರೋಪಿಯನ್ನರು ಬಂದು ನೆಲೆಯೂರಿದ ಮೇಲೆ ಬೆಕ್ಕೂ ಇಲ್ಲಿ ನೆಲೆಯೂರಿತು. ನಮ್ಮ ಪಶ್ಚಿಮ ಘಟ್ಟದ ಹಕ್ಕಿ, ಇಲಿ, ಓತಿಕ್ಯಾತಗಳು ಕಾಡುಬೆಕ್ಕಿನ ಜೊತೆಗೇ ಬದುಕಿ, ಅದರಿಂದ ತಪ್ಪಿಸಿಕೊಳ್ಳುವುದನ್ನು ತಲೆಮಾರುಗಳಿಂದ ಕಲಿತಿವೆ. ಇಲ್ಲಿನವಕ್ಕೆ ಆ ಪಾಠವೇ ಆಗಿಲ್ಲ. ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಡಾಂಡೆನಾಂಗ್ ಬೆಟ್ಟಸಾಲಿನ ಶೆರ್‌ಬ್ರೂಕ್ ಕಾಡು ಸಿಗುತ್ತದೆ. ಲೈರ್‌ಬರ್ಡ್ ಅಲ್ಲಿ ತರಗೆಲೆ ಕೆದಕುತ್ತಾ ನೆಲದ ಮೇಲೇ ಓಡಾಡುತ್ತದೆ, ಕಾಡಿನ ಬೇರೆಲ್ಲ ಹಕ್ಕಿಗಳ ದನಿಯನ್ನು ಒಂದರ ಹಿಂದೊಂದು ತೆಗೆಯುತ್ತದೆ. ಅದು ಉಳಿಯಲೆಂದೇ ಆ ಸುತ್ತಿನಲ್ಲಿ 1990ರ ದಶಕದ ಆರಂಭದಲ್ಲೇ ಬೆಕ್ಕಿಗೆ ರಾತ್ರಿ ಕರ್ಫ್ಯೂ ಬಂತು. ಆ ಹಕ್ಕಿಯ ದನಿಯನ್ನು ಒಮ್ಮೆ ಕೇಳಿದವರು ಸಂಜೆ ಬಾಗಿಲು ಹಾಕಲು ಹಿಂದೆಮುಂದೆ ನೋಡುವುದಿಲ್ಲ.

ನನ್ನ ತಕರಾರು ಇರುವುದು ಬಾಗಿಲು ಹಾಕಿದ ಮೇಲಿನ ಮಾತಿಗೆ. ಹೊರಗೆ ಬಿಡಬೇಡಿ ಎಂದು ಹೇಳುವವರು ಬಹಳ ಜನ. ಒಳಗೆ ಉಳಿದ ಬೆಕ್ಕು ರಾತ್ರಿಯಿಡೀ ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಆಮೇಲೆ ಅದು ನಡುರಾತ್ರಿ ಬಾಗಿಲು ಕೆರೆದರೆ, ಹೊದಿಕೆಯೊಳಗಿನ ಕಾಲು ಕಚ್ಚಿದರೆ, ಕಪಾಟಿನ ಮೇಲಿಂದ ಲೋಟ ಉರುಳಿಸಿದರೆ, ಬೆಳಗಿನ ಜಾವ ನಾಲ್ಕಕ್ಕೆ ಮುಖದ ಮುಂದೆ ಬಂದು ಅರಚಿದರೆ, ಕೆಟ್ಟ ಬೆಕ್ಕು ಎಂಬ ಹೆಸರು ಬರುತ್ತದೆ.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಲ್ಲಿ. ರಾತ್ರಿ ಬೆಕ್ಕು ಎಲ್ಲಿದೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಟ್ಟದ ಮೇಲೆ ದಡದಡ ಸದ್ದಾದರೆ ಇಲಿ ಸಿಕ್ಕಿತು ಅಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆವು. ಭತ್ತದ ಕಣಜ, ಅಟ್ಟದ ಮೂಟೆಗಳು, ಕೊಟ್ಟಿಗೆಯ ಹುಲ್ಲಿನ ರಾಶಿ, ಎಲ್ಲ ಕಡೆಯೂ ಅದಕ್ಕೆ ಕೆಲಸವಿತ್ತು. ತೆಂಗಿನ ಕರಟದಲ್ಲಿ ಒಂದಿಷ್ಟು ಹಾಲನ್ನ ಹಾಕಿದರೆ ಮನೆಯವರ ಜವಾಬ್ದಾರಿ ಮುಗಿಯಿತು, ಉಳಿದದ್ದನ್ನು ಅದೇ ದುಡಿದು ತಿನ್ನುತ್ತಿತ್ತು. ಈ ಪದ್ಧತಿಯೇ ಸರಿಯಿತ್ತು ಎಂದು ನಾನು ಹೇಳುತ್ತಿಲ್ಲ. ಹಾಕಿದ ಮರಿಗಳಲ್ಲಿ ದೊಡ್ಡದಾಗುತ್ತಿದ್ದದ್ದು ಒಂದೋ ಎರಡೋ. ನಾಯಿ ಹಿಡಿಯುತ್ತಿತ್ತು, ಹಾವು ಕಚ್ಚುತ್ತಿತ್ತು, ಕೆಲವು ಸುಮ್ಮನೆ ವಾಪಸ್ ಬರುತ್ತಿರಲಿಲ್ಲ. ಗಂಡುಬೆಕ್ಕುಗಳು ಹರಿದ ಕಿವಿ, ಕೀವು ತುಂಬಿದ ಗಾಯ ಹೊತ್ತು ಬರುತ್ತಿದ್ದವು. ಹಾಲನ್ನವೂ ಬೆಕ್ಕಿನ ಆಹಾರವಲ್ಲ. ಅದು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಅಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದೂ ಇಲ್ಲ. ಆದರೂ ಆ ಮನೆಯಲ್ಲಿ ಬೆಕ್ಕಿನಿಂದ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ, ಅದಕ್ಕೆ ಕಾರಣ ಅದರ ರಾತ್ರಿ ಅದರ ಕೈಯಲ್ಲೇ ಇದ್ದದ್ದು.

ಬೆಕ್ಕು ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ಮಲಗುತ್ತದೆ. ಅದರ ಮೈ ಚುರುಕಾಗುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ, ಇಲಿ ಹೆಗ್ಗಣ ಓಡಾಡುವ ಹೊತ್ತಿನಲ್ಲಿ. ಒಂದು ಸಣ್ಣ ಇಲಿಯಲ್ಲಿ ಸುಮಾರು 30 ಕ್ಯಾಲೊರಿ ಇರುತ್ತದೆ, ಬೆಕ್ಕಿಗೆ ದಿನಕ್ಕೆ ಬೇಕಾದದ್ದು 200ಕ್ಕೂ ಹೆಚ್ಚು. ಅಂದರೆ ಹಗಲು ರಾತ್ರಿ ಸೇರಿ ಮತ್ತೆ ಮತ್ತೆ ಹೊಂಚಬೇಕು, ಹಾರಬೇಕು, ಹಿಡಿಯಬೇಕು, ತಿನ್ನಬೇಕು, ಮೈ ನೆಕ್ಕಿಕೊಂಡು ಮಲಗಬೇಕು. ಇದು ಅದರ ಸ್ವಭಾವದೊಳಗೇ ಇರುವ ಸರಣಿ. ನಾವು ಬಟ್ಟಲು ತುಂಬ ತಿಂಡಿ ಸುರಿದಿಟ್ಟು ಕೆಲಸಕ್ಕೆ ಹೋದರೆ ಸರಣಿಯ ಮೊದಲ ಮೂರು ಮೆಟ್ಟಿಲುಗಳನ್ನೇ ಕಿತ್ತ ಹಾಗೆ. ಖಾಲಿ ಮನೆಯಲ್ಲಿ ಹಗಲಿಡೀ ಮಲಗಿದ ಬೆಕ್ಕಿಗೆ ನಾವು ದೀಪ ಆರಿಸಿದಾಗ ಬೆಳಗಾಗಿರುತ್ತದೆ.

ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿರುವ ನನ್ನ ತಂಗಿ ಬೆಕ್ಕಿನ ಕಾಟದ ಬಗ್ಗೆ ಫೋನಿನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದಾಗ ಊರಲ್ಲಿದ್ದ ಅಮ್ಮನೂ ಅದೇ ಕರೆಯಲ್ಲಿದ್ದರು. "ಅದಕ್ಕೆ ನಿಮ್ಮನೇಲಿ ಕೆಲ್ಸ ಎಲ್ಲಿದ್ಯೇ? ಹಗಲಿಡೀ ಮಲಗ್ಸಿ, ರಾತ್ರಿ ಸುಮ್ನಿರು ಅಂದ್ರೆ ಹೆಂಗಿರತ್ತೆ ಪಾಪ?" ಅಂದರು. ಬೆಕ್ಕಿನ ನಡವಳಿಕೆ ಬಗ್ಗೆ ಇಲ್ಲಿ ಓದಿದ್ದೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಮಾತಿಗೇ.

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹೊರಗೆ ಬೇಟೆಯಾಡಿ ತರುವ 355 ಬೆಕ್ಕುಗಳನ್ನು ಅವರು ಗಮನಿಸಿದ್ದರು. ದಿನಕ್ಕೆ ಐದರಿಂದ ಹತ್ತು ನಿಮಿಷ ಮನೆಯವರು ಜೊತೆಗೆ ಆಡಿಸಿದ ಬೆಕ್ಕುಗಳು ತಂದ ಬೇಟೆ ಶೇ. 25ರಷ್ಟು ಇಳಿಯಿತು. ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಶೇ. 36ರಷ್ಟು ಇಳಿಯಿತು. ಕೊರಳಿಗೆ ಗಂಟೆ ಕಟ್ಟಿದ್ದರಿಂದ ಹೇಳಿಕೊಳ್ಳುವ ವ್ಯತ್ಯಾಸವೇ ಆಗಲಿಲ್ಲ. ಅವರು ಅಳೆದದ್ದು ಬೇಟೆಯನ್ನು, ನಮ್ಮ ನಿದ್ದೆಯನ್ನಲ್ಲ. ಆದರೂ ನಾನು ಅದರಿಂದ ತೆಗೆದುಕೊಳ್ಳುವ ಅರ್ಥ ಇದು: ಕೋಲಿನ ತುದಿಯ ಗರಿಯನ್ನು ಹಿಡಿದದ್ದೂ ಬೆಕ್ಕಿನ ಲೆಕ್ಕಕ್ಕೆ ಬೇಟೆಯೇ. ಹೊಟ್ಟೆ ಸರಿಯಾದ ಆಹಾರದಿಂದ ತುಂಬಿ, ಮೈಯ ಬೇಟೆಯ ಹಸಿವೂ ತೀರಿದರೆ ಅದು ಸುಮ್ಮನಾಗುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ರಾತ್ರಿಯೂಟ ಮುಗಿದ ಮೇಲೆ ಬೆಕ್ಕಿನ ಸರದಿ. ಗರಿ ಕಟ್ಟಿದ ಕೋಲನ್ನು ಸೋಫಾದ ಹಿಂದೆ, ಕಂಬಳಿಯ ಅಡಿಯಲ್ಲಿ, ಬಾಗಿಲ ಸಂದಿಯಲ್ಲಿ ಇಲಿ ಓಡುವ ರೀತಿಯಲ್ಲೇ ಎಳೆಯಬೇಕು. ಒಮ್ಮೆ ನಿಲ್ಲಿಸಿ, ಒಮ್ಮೆ ಓಡಿಸಿ, ದೂರಕ್ಕೆ ಒಯ್ಯಬೇಕು. ಗರಿಯನ್ನು ಮುಖಕ್ಕೆ ಹಿಡಿದು ಆಡಿಸಿದರೆ ಬೆಕ್ಕು ಕೂತಲ್ಲಿಂದ ಏಳುವುದಿಲ್ಲ, ತನ್ನ ಬಾಯಿಗೇ ಓಡಿ ಬರುವ ಇಲಿ ಎಲ್ಲಿಯೂ ಇಲ್ಲವಲ್ಲ. ಕೊನೆಗೆ ಅದು ಹಿಡಿಯಲೇಬೇಕು. ಲೇಸರ್ ಬೆಳಕಿನ ಆಟ ನನಗೆ ಇಷ್ಟವಿಲ್ಲದಿರುವುದು ಇದಕ್ಕೇ. ಎಷ್ಟು ಓಡಿದರೂ ಪಂಜದಡಿ ಏನೂ ಸಿಗುವುದಿಲ್ಲ, ಬೆಕ್ಕು ಇನ್ನಷ್ಟು ಕೆರಳುತ್ತದೆ. ಹಿಡಿದ ಕೂಡಲೇ ದಿನದ ದೊಡ್ಡ ಊಟ ಹಾಕಬೇಕು. ತಿಂದು, ಮೈ ನೆಕ್ಕಿಕೊಂಡು, ಅದೇ ಹೋಗಿ ಮಲಗುತ್ತದೆ.

ಬೆಳಗಿನ ಜಾವದ ಅರಚಾಟ ಬೇರೆ ಬಗೆಯದು. ಅದನ್ನು ಬಹುಪಾಲು ಕಲಿಸಿದವರು ನಾವೇ. ಅರಚಿದಾಗ ಎದ್ದು ಒಂದು ಹಿಡಿ ತಿಂಡಿ ಹಾಕಿದರೆ ಅರಚಿದರೆ ಊಟ ಎಂದು ಅದಕ್ಕೆ ಗೊತ್ತಾಗುತ್ತದೆ. ಬೈದರೂ ಅದು ಮಾತಾಡಿಸಿದಂತೆಯೇ. ಇದಕ್ಕೆ ಟೈಮರ್ ಇರುವ ಊಟದ ಡಬ್ಬಿ ಒಳ್ಳೆಯ ಉಪಾಯ. ನಸುಕಿಗೆ ಮುಚ್ಚಳ ತಾನೇ ತೆರೆದುಕೊಂಡರೆ ಬೆಕ್ಕು ಡಬ್ಬಿಯ ಮುಂದೆ ಕಾಯುತ್ತದೆ, ನಮ್ಮ ದಿಂಬಿನ ಪಕ್ಕ ಅಲ್ಲ. ಏಳುವುದನ್ನು ನಿಲ್ಲಿಸಿದ ಮೊದಮೊದಲ ರಾತ್ರಿಗಳಲ್ಲಿ ಅರಚಾಟ ಕಡಿಮೆಯಾಗದೆ ಜಾಸ್ತಿಯೇ ಆಗುತ್ತದೆ. ಸೋಲುವವರು ಸೋಲುವುದು ಅಲ್ಲೇ. ಮನೆಯಲ್ಲಿ ಒಬ್ಬರು ಕರಗಿ ಎದ್ದರೂ, ಇನ್ನೂ ಹೆಚ್ಚು ಹೊತ್ತು ಅರಚಬೇಕು ಎಂಬ ಹೊಸ ಪಾಠ ಆಗಿಬಿಡುತ್ತದೆ. ಮೆಲ್ಬರ್ನಿನಲ್ಲಿ ಗಡಿಯಾರದ ಕಾಟ ಬೇರೆ. ಏಪ್ರಿಲ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಬೆಕ್ಕು ತಿರುಗಿಸಿಕೊಳ್ಳುವುದಿಲ್ಲ. ಊಟದ ಹೊತ್ತನ್ನು ದಿನಕ್ಕಿಷ್ಟೆಂದು ಮುಂಚಿನಿಂದಲೇ ಸರಿಸುತ್ತಾ ಬರಬೇಕು. ತೀರ್ಥಹಳ್ಳಿಯಲ್ಲಿ ವರ್ಷವಿಡೀ ಹಗಲು ರಾತ್ರಿಗಳ ಅಳತೆ ಅಷ್ಟೊಂದು ಬದಲಾಗುವುದಿಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಸಂಜೆ ಐದೂಕಾಲರೊಳಗೆ ಸೂರ್ಯ ಮುಳುಗಿ, ಹುಟ್ಟುವುದು ಬೆಳಗ್ಗೆ ಏಳೂವರೆಗೆ. ಅಷ್ಟುದ್ದದ ರಾತ್ರಿಯನ್ನು ನಾಲ್ಕು ಗೋಡೆಯೊಳಗೆ ಕಳೆಯಬೇಕಾದ ಜೀವಕ್ಕೆ ಕಿಟಕಿಯ ಬಳಿ ಎತ್ತರದ ಕಟ್ಟೆಯೊಂದಾದರೂ ಬೇಕು. ರಾತ್ರಿ ಓಡಾಡುವ ಇಲ್ಲಿನ ಕಾಡುಪ್ರಾಣಿ ಪಾಸಮ್ ಬೇಲಿಯ ಮೇಲೆ ನಡೆದು ಹೋಗುವುದನ್ನು ಕಂಡು ಕೆರಳಿ ಕೂಗುವ ಬೆಕ್ಕಾದರೆ ಆ ಕಿಟಕಿಗೆ ರಾತ್ರಿ ಪರದೆ ಎಳೆಯಬೇಕು.

ಬೆಂಗಳೂರಿನಲ್ಲಿ ಪಾಸಮ್ ಇಲ್ಲ, ಕರ್ಫ್ಯೂ ಇಲ್ಲ. ಆದರೆ ಏಳನೇ ಮಹಡಿಯ ಫ್ಲ್ಯಾಟಿನ ಬೆಕ್ಕು ನಮ್ಮ ಬೆಕ್ಕಿಗಿಂತ ಬಿಗಿಯಾಗಿಯೇ ಒಳಗಿದೆ, ಕಾನೂನು ಹೇಳದೆಯೇ. ಅಲ್ಲಿ ಅಪಾಯ ಬಾಲ್ಕನಿಯದು. ಪಾರಿವಾಳಕ್ಕೆಂದು ಕಟ್ಟಿಸುವ ಬಲೆಯನ್ನು ಗಟ್ಟಿಯಾಗಿ ಬಿಗಿಸಿದರೆ ಬೆಕ್ಕು ಬೀಳುವುದಿಲ್ಲ, ಕೂತು ನೋಡಲು ಒಂದು ಜಾಗವೂ ಆಗುತ್ತದೆ. ಅಡುಗೆಯವರು, ಕೆಲಸದವರು, ಅಜ್ಜ ಅಜ್ಜಿ ಎಂದು ಹಗಲು ಹೊತ್ತು ಮನೆಯಲ್ಲಿ ಜನ ಇರುವುದು ಅಲ್ಲಿನವರಿಗಿರುವ ಅನುಕೂಲ. ಬೆಕ್ಕನ್ನು ಹಗಲಲ್ಲಿ ಎಬ್ಬಿಸಿ ಆಡಿಸಲು ಕೈಗಳಿವೆ. ನಮಗೆ ಇಲ್ಲಿ ಅದಿಲ್ಲ.

ಎರಡೂ ಕಡೆ ಕಾಣುವ, ನನಗೆ ಸ್ವಲ್ಪವೂ ಸರಿಬರದ ಪದ್ಧತಿ ಶಿಕ್ಷೆಯದು. ನೀರು ಚಿಮ್ಮಿಸುವುದು, ಚಪ್ಪಲಿ ಎಸೆಯುವುದು, ಬಚ್ಚಲಿಗೆ ಹಾಕಿ ಚಿಲಕ ಹಾಕುವುದು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಾದ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡದ್ದು ಆಮೇಲೆ ಹಾಲು ಕಂಡರೇ ಓಡುತ್ತಿತ್ತು. ಹಾಲಿನ ತಪ್ಪೇನೂ ಇರಲಿಲ್ಲ. ನಡುರಾತ್ರಿ ನೀರು ಚಿಮ್ಮಿಸುವವರ ಮನೆಯಲ್ಲಿ ಬೆಕ್ಕು ಹೆದರಲು ಕಲಿಯುವುದು ಅವರ ಕೈಗೆ, ಅವರ ಕೋಣೆಗೆ. ಬೇಟೆಯ ಹಸಿವು ಇದ್ದಲ್ಲೇ ಇರುತ್ತದೆ. ನಿದ್ದೆ ಬರಲೆಂದು ಮನುಷ್ಯರ ಮಾತ್ರೆ ಕೊಡುವ ಯೋಚನೆಯಂತೂ ಬೇಡವೇ ಬೇಡ. ಮನೆಯಲ್ಲಿ ಸದಾ ಇರುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು, ಬೆಕ್ಕಿನ ಪ್ರಾಣ ತೆಗೆಯಲು.

ಎಲ್ಲ ಕೂಗೂ ಆಟಕ್ಕಲ್ಲ ಎಂಬುದೂ ನೆನಪಿರಲಿ. ಬೆದೆಗೆ ಬಂದ ಹೆಣ್ಣುಬೆಕ್ಕು ರಾತ್ರಿಯೆಲ್ಲ ಕೂಗುತ್ತದೆ, ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಪರಿಹಾರ. ಹತ್ತು ವರ್ಷ ದಾಟಿದ, ಸಾಧು ಬೆಕ್ಕು ಇದ್ದಕ್ಕಿದ್ದಂತೆ ರಾತ್ರಿ ಕೂಗತೊಡಗಿದರೆ ಥೈರಾಯ್ಡ್ ಹೆಚ್ಚಿರಬಹುದು, ರಕ್ತದೊತ್ತಡ ಏರಿರಬಹುದು, ಕಿವಿ ಮಂದವಾಗಿರಬಹುದು, ಮುಪ್ಪಿನ ಮರೆವೂ ಇರಬಹುದು. ಪಶುವೈದ್ಯರ ಬಳಿ ರಕ್ತ ಪರೀಕ್ಷೆ ಮಾಡಿಸಬೇಕು. ಗಂಡುಬೆಕ್ಕು ಮಲಮೂತ್ರಕ್ಕಿಟ್ಟ ಲಿಟರ್ ಬಾಕ್ಸಿಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಾ ಕೂಗಿ, ಮೂತ್ರ ಬಾರದೆ ಎದ್ದು ಬರುತ್ತಿದ್ದರೆ ಬೆಳಗಾಗುವವರೆಗೂ ಕಾಯಬಾರದು. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಅದು ಸಾಯುತ್ತದೆ. ಮೆಲ್ಬರ್ನಿನಲ್ಲಿ ರಾತ್ರಿಯಿಡೀ ತೆರೆದಿರುವ ಪ್ರಾಣಿ ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲೂ ಇವೆ. ನಿಮಗೆ ಹತ್ತಿರದ್ದು ಯಾವುದೆಂದು ಈಗಲೇ ನೋಡಿ ಬರೆದಿಟ್ಟುಕೊಳ್ಳಿ.

ವಿಕ್ಟೋರಿಯಾ ರಾಜ್ಯದಲ್ಲಿ ಬೆಕ್ಕಿನ ನೋಂದಣಿಯನ್ನು ಪ್ರತಿ ವರ್ಷ ಏಪ್ರಿಲ್ 10ರೊಳಗೆ ನವೀಕರಿಸಬೇಕು. ಗಡಿಯಾರ ಹಿಂದಕ್ಕೆ ತಿರುಗುವ, ರಾತ್ರಿ ಹಗಲಿಗಿಂತ ಉದ್ದವಾಗತೊಡಗುವ ಹೊತ್ತೂ ಅದೇ. ಹಣ ಕಟ್ಟಲು ಕಳಿಸುವ ಕಾಗದದ ಜೊತೆ ಎಲ್ಲ ಕೌನ್ಸಿಲ್‌ಗಳೂ ಇನ್ನೊಂದು ಹಾಳೆ ಕಳಿಸಬೇಕೆಂದು ನಾನು ಕೇಳುತ್ತೇನೆ: ಮಲಗುವ ಮುಂಚೆ ಹೇಗೆ ಆಡಿಸಬೇಕು, ಯಾವಾಗ ಊಟ ಹಾಕಬೇಕು, ಯಾವ ಕೂಗಿಗೆ ವೈದ್ಯರ ಬಳಿ ಓಡಬೇಕು. ಕರ್ಫ್ಯೂ ಮೀರಿದರೆ ದಂಡ ಎಷ್ಟೆಂದು ಅಷ್ಟು ಸ್ಪಷ್ಟವಾಗಿ ತಿಳಿಸುವವರಿಗೆ ಇದನ್ನು ತಿಳಿಸುವುದು ದೊಡ್ಡ ಖರ್ಚಲ್ಲ. ಬೆಂಗಳೂರಿನ ಪಶುವೈದ್ಯರು ಮೊದಲ ಲಸಿಕೆಗೆ ಮರಿ ಬಂದ ದಿನವೇ ಈ ಮಾತನ್ನು ಮನೆಯವರಿಗೆ ಹೇಳಿ ಕಳಿಸಬಹುದು.